ಸ್ಪರ್ಧೆಯ ದಿನಕ್ಕೊಂದು ಹೊಣೆಗಾರಿಕೆ ವಿಮೆ: ಆಫ್-ರೋಡ್ ಸ್ಪರ್ಧಿಯೊಬ್ಬನ ವಿಮರ್ಶೆ

ಆಫ್-ರೋಡ್ ಸ್ಪರ್ಧೆಗೆ ಹೆಸರು ನೋಂದಾಯಿಸುವಾಗಲೇ ಕೊಳ್ಳಬಹುದಾದ, ಆ ಒಂದು ಸ್ಪರ್ಧೆಯ ಮಟ್ಟಿಗೆ ಮಾತ್ರ ಚಾಲ್ತಿಯಲ್ಲಿರುವ ಥರ್ಡ್ ಪಾರ್ಟಿ ಹೊಣೆಗಾರಿಕೆ ವಿಮೆಯನ್ನು ಕಳೆದ ಎರಡು ಸೀಸನ್‌ಗಳಲ್ಲಿ ನಾನು ಏಳು ಬಾರಿ ಕೊಂಡಿದ್ದೇನೆ. ಒಂದು ಬಾರಿ ಅದರ ಅಡಿಯಲ್ಲಿ ಕ್ಲೇಮ್ ಸಲ್ಲಿಸಬೇಕಾಗಿಯೂ ಬಂತು. ವಿಮೆ ಮಾರಿದ ಕಂಪನಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಾನು ಕಂಡ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಪಾಲಿಸಿಗಳ ರಚನೆಯಲ್ಲೇ ಇರುವಂಥವು, ಮತ್ತು ಸ್ಪರ್ಧಿಗಳಾದ ನಾವು ಓದದೆ ಸಹಿ ಹಾಕುವುದರಿಂದ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಈ ವಿಮೆ ಬೇಕೇ ಎಂದು ಕೇಳುವ ಹೊಸ ಸ್ಪರ್ಧಿಗಳಿಗೆ ನನ್ನ ಉತ್ತರ ಬೇಕು ಎಂದೇ. ಆದರೆ ಯಾರ ಹೆಸರಿನಲ್ಲಿ, ಯಾವ ಜಾಗಕ್ಕೆ, ಯಾವ ಹೊತ್ತಿಗೆ ಎಂಬ ಪ್ರಶ್ನೆಗಳಿಗೆ ಪಾಲಿಸಿಯ ಪುಟಗಳಲ್ಲೇ ಉತ್ತರ ಸಿಗದಿದ್ದರೆ ಆ ವಿಮೆ ಕೈಯಲ್ಲಿದ್ದೂ ಇಲ್ಲದಂತೆಯೇ.

ಮೊದಲಿಗೆ ಇದು ಏನಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ನನ್ನ ವಾಹನ ಮಗುಚಿ ಜಖಂ ಆದರೆ ಈ ವಿಮೆ ಏನನ್ನೂ ಕೊಡುವುದಿಲ್ಲ. ನನ್ನ ಕೈಕಾಲು ಮುರಿದರೂ ಕೊಡುವುದಿಲ್ಲ, ಅದಕ್ಕೆ ವೈಯಕ್ತಿಕ ಅಪಘಾತ ವಿಮೆ ಬೇರೆಯೇ ಇದೆ. ನನ್ನ ಚಾಲನೆಯಿಂದ ಇನ್ನೊಬ್ಬರ ದೇಹಕ್ಕೋ ಆಸ್ತಿಗೋ ಹಾನಿಯಾಗಿ, ಆ ಹಾನಿಗೆ ಕಾನೂನಿನ ಪ್ರಕಾರ ನಾನೇ ಹೊಣೆ ಎಂದು ತೀರ್ಮಾನವಾದಾಗ ತೆರಬೇಕಾದ ಪರಿಹಾರವನ್ನೂ, ವಾದಿಸಲು ತಗಲುವ ವಕೀಲರ ವೆಚ್ಚವನ್ನೂ ಇದು ಭರಿಸುತ್ತದೆ. ದಿನನಿತ್ಯ ರಸ್ತೆಯಲ್ಲಿ ಓಡಿಸಲು ತೆಗೆದುಕೊಂಡ ಮೋಟಾರು ವಿಮೆಯೇ ಇಲ್ಲಿಗೂ ಸಾಕಾಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ, ನಾನೂ ಹಾಗೆಯೇ ನಂಬಿದ್ದೆ. ಆದರೆ ಸಾಮಾನ್ಯ ಮೋಟಾರು ಪಾಲಿಸಿಗಳು ರೇಸ್, ವೇಗಪರೀಕ್ಷೆ, ರ‍್ಯಾಲಿ ಮುಂತಾದ ಬಳಕೆಗಳನ್ನು ಹೊರಗಿಡುವುದೇ ರೂಢಿ. ಗಡಿಯಾರದ ವಿರುದ್ಧ ಓಡದೆ ಕೇವಲ ಅಡೆತಡೆ ದಾಟುವ ಟ್ರಯಲ್ ಸ್ಪರ್ಧೆ ಆ ಪಟ್ಟಿಯಲ್ಲಿ ಬರುತ್ತದೆಯೇ ಇಲ್ಲವೇ ಎಂಬುದು ಆಯಾ ಪಾಲಿಸಿಯಲ್ಲಿ ಬಳಸಿರುವ ಪದಗಳನ್ನೇ ಅವಲಂಬಿಸಿರುತ್ತದೆ.

ಕಾನೂನು ಇದನ್ನು ಕಡ್ಡಾಯಗೊಳಿಸಿದೆಯೇ ಎಂಬ ಪ್ರಶ್ನೆಗೆ ನಮ್ಮ ನಡುವೆ ಸಿಗುವ ಉತ್ತರ ಬೇಲಿಯದು: ಬೇಲಿಯ ಹೊರಗೆ ರಸ್ತೆ, ಅಲ್ಲಿ ಕಾನೂನು, ಬೇಲಿಯ ಒಳಗೆ ಖಾಸಗಿ ನೆಲ, ಅಲ್ಲಿ ನಮ್ಮದೇ ನಿಯಮ. ಹಲವು ದೇಶಗಳ ಕಡ್ಡಾಯ ವಿಮೆಯ ಕಾನೂನು ರಸ್ತೆ ಮತ್ತು ಸಾರ್ವಜನಿಕ ಸ್ಥಳ ಎಂಬ ಪದಗಳ ಮೇಲೆಯೇ ನಿಂತಿರುವುದರಿಂದ ಈ ನಂಬಿಕೆ ಪೂರ್ತಿ ಆಧಾರವಿಲ್ಲದ್ದೇನೂ ಅಲ್ಲ. ಆದರೆ ಈ ಬೇಲಿ ಎಷ್ಟು ತೆಳುವಾದದ್ದು ಎಂಬುದನ್ನು ಯುರೋಪಿನ ಒಂದು ಪ್ರಕರಣ ತೋರಿಸಿಕೊಟ್ಟಿತು. 2007ರ ಆಗಸ್ಟ್‌ನಲ್ಲಿ ಸ್ಲೊವೇನಿಯಾದ ಒಂದು ಹೊಲಮನೆಯಲ್ಲಿ ಹುಲ್ಲಿನ ಕಟ್ಟುಗಳನ್ನು ಅಟ್ಟಕ್ಕೆ ಏರಿಸುತ್ತಿದ್ದಾಗ, ಅಂಗಳದಲ್ಲಿ ಹಿಂದಕ್ಕೆ ಬರುತ್ತಿದ್ದ ಟ್ರ್ಯಾಕ್ಟರಿನ ಟ್ರೈಲರ್ ಏಣಿಗೆ ತಗುಲಿ, ಏಣಿಯ ಮೇಲಿದ್ದ ವ್ನುಕ್ ಎಂಬವರು ಕೆಳಗೆ ಬಿದ್ದರು. ಖಾಸಗಿ ಅಂಗಳ; ರಸ್ತೆಯ ಸುಳಿವೇ ಇಲ್ಲ. ವ್ನುಕ್ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು 2014ರ ಸೆಪ್ಟೆಂಬರ್ 4ರಂದು ತೀರ್ಪು ನೀಡಿ, ವಾಹನವೊಂದರ ಸಹಜ ಕಾರ್ಯಕ್ಕೆ ಹೊಂದುವ ಯಾವುದೇ ಬಳಕೆಯೂ ಕಡ್ಡಾಯ ವಿಮೆಯ ವ್ಯಾಪ್ತಿಗೆ ಬರುತ್ತದೆ ಎಂದಿತು. ಮೂರು ವರ್ಷಗಳ ಬಳಿಕ, 2017ರ ಡಿಸೆಂಬರ್‌ನಲ್ಲಿ, ಸ್ಪೇನಿನ ಸೇನಾ ತರಬೇತಿ ಪ್ರದೇಶವೊಂದರಲ್ಲಿ ಚಕ್ರದ ವಾಹನವೊಂದು ಮಗುಚಿದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಆ ನೆಲ ಚಕ್ರದ ವಾಹನಗಳಿಗೆ ತಕ್ಕದ್ದೇ ಅಲ್ಲ, ಸರಪಳಿ ಪಟ್ಟಿಯ ವಾಹನಗಳಿಗೆ ಮೀಸಲಾದದ್ದು. ಹಾಗಿದ್ದರೂ ನೆಲದ ಸ್ವರೂಪದ ಕಾರಣಕ್ಕೆ ವಿಮೆಯ ಹೊಣೆ ಕಳಚಿಕೊಳ್ಳುವುದಿಲ್ಲ ಎಂದು ಅದು ಹೇಳಿತು. ಆಫ್-ರೋಡ್ ಓಡಿಸುವವರು ಎರಡು ಸಲ ಓದಬೇಕಾದ ತೀರ್ಪು ಇದು.

ಈ ತೀರ್ಪುಗಳಿಂದ ಮೋಟಾರು ಕ್ರೀಡೆಗೆ ಆದ ಗಾಬರಿ ಸಣ್ಣದಲ್ಲ. ಸ್ಪರ್ಧೆಯೂ ವಾಹನದ ಸಹಜ ಬಳಕೆಯೇ ಎಂದಾದರೆ ಪ್ರತಿಯೊಬ್ಬ ಸ್ಪರ್ಧಿಯೂ ಪೂರ್ಣ ಮೋಟಾರು ವಿಮೆ ಪಡೆಯಬೇಕು; ಸ್ಪರ್ಧಿಗಳು ಒಬ್ಬರಿಗೊಬ್ಬರು ಮಾಡುವ ಹಾನಿಯನ್ನೂ ಒಳಗೊಳ್ಳುವಂಥ ಆ ವಿಮೆಯನ್ನು ಮಾರಲು ಕಂಪನಿಗಳು ಮುಂದೆ ಬರುವುದೇ ಅನುಮಾನವಾಗಿತ್ತು. ಕೊನೆಗೆ 2021ರಲ್ಲಿ ಒಕ್ಕೂಟ, ಸದಸ್ಯ ದೇಶಗಳು ಪಾಲಿಸಬೇಕಾದ ತನ್ನ ಮೋಟಾರು ವಿಮಾ ನಿರ್ದೇಶನಕ್ಕೆ ತಿದ್ದುಪಡಿ ತಂದಿತು. ನಿರ್ಬಂಧಿತವಾದ, ಗಡಿ ಗುರುತಿಸಿದ ಪ್ರದೇಶದೊಳಗೆ ನಡೆಯುವ ಸ್ಪರ್ಧೆ, ತರಬೇತಿ, ಪರೀಕ್ಷೆ ಮತ್ತು ಪ್ರದರ್ಶನಗಳು ಕಡ್ಡಾಯ ಮೋಟಾರು ವಿಮೆಯಿಂದ ಹೊರಗುಳಿದವು. ಆದರೆ ಸಂಘಟಕರೋ ಬೇರೊಬ್ಬರೋ ಪ್ರೇಕ್ಷಕರೂ ದಾರಿಹೋಕರೂ ಸೇರಿದಂತೆ ಯಾವುದೇ ಮೂರನೇ ವ್ಯಕ್ತಿಗಾಗುವ ಹಾನಿಗೆ ಪರ್ಯಾಯ ವಿಮೆ ಅಥವಾ ಖಾತರಿಯನ್ನು ಹೊಂದಿರಲೇಬೇಕು. ಭಾಗವಹಿಸುವ ಚಾಲಕರಿಗೂ ಅವರ ವಾಹನಗಳಿಗೂ ಆಗುವ ಹಾನಿ ಅದರಲ್ಲಿ ಸೇರಲೇಬೇಕೆಂದಿಲ್ಲ. 2023ರ ಡಿಸೆಂಬರ್ 23ರಿಂದ ಸದಸ್ಯ ದೇಶಗಳು ಈ ನಿಯಮವನ್ನು ಅನ್ವಯಿಸಬೇಕಾಗಿತ್ತು. ಒಕ್ಕೂಟದಿಂದ ಹೊರಬಂದಿದ್ದ ಬ್ರಿಟನ್ 2022ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿ ವ್ನುಕ್ ತೀರ್ಪಿನ ಪರಿಣಾಮವನ್ನು ತನ್ನ ಕಾನೂನಿನಿಂದ ತೆಗೆದುಹಾಕಿ, ರಸ್ತೆ ಅಥವಾ ಇತರ ಸಾರ್ವಜನಿಕ ಸ್ಥಳ ಎಂಬ ಹಳೆಯ ಅಳತೆಯನ್ನೇ ಉಳಿಸಿಕೊಂಡಿತು. ಹೀಗೆ ಹೊರಗುಳಿದದ್ದು ಕಡ್ಡಾಯ ಮೋಟಾರು ಪಾಲಿಸಿ ಮಾತ್ರ; ಹಾನಿ ಮಾಡಿದವನು ಹಾನಿ ತುಂಬಿಕೊಡಬೇಕೆಂಬ ಹೊಣೆ ಎಲ್ಲಿಯೂ ಹೊರಗುಳಿದಿಲ್ಲ. ವಿಮೆ ಕಡ್ಡಾಯವಲ್ಲದ ಕಡೆ ಆ ಹೊಣೆ ನೇರವಾಗಿ ಸ್ಪರ್ಧಿಯ ಮನೆ, ಉಳಿತಾಯ, ಸಂಬಳಗಳ ಮೇಲೆ ಬಂದು ಕೂರುತ್ತದೆ.

ಇನ್ನು ನನ್ನ ಕ್ಲೇಮಿನ ವಿಷಯ. ಮೂರನೆಯ ಸ್ಪರ್ಧೆಯಲ್ಲಿ ಕೆಸರಿನ ಏರನ್ನು ಹತ್ತುವಾಗ ನನ್ನ ಹಿಂದಿನ ಚಕ್ರ ಕಿತ್ತೆಸೆದ ಕಲ್ಲೊಂದು, ದಾರಿಯ ಪಕ್ಕ ನಿಂತು ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ಒಬ್ಬರ ಮೊಣಕಾಲಿಗೆ ಬಡಿಯಿತು. ಅವರು ಸ್ವಯಂಸೇವಕರು, ಸಂಭಾವನೆಯಿಲ್ಲದೆ ಇಡೀ ದಿನ ಬಿಸಿಲಲ್ಲಿ ನಿಲ್ಲುವವರು. ಅವರಿಗೆ ಶಸ್ತ್ರಚಿಕಿತ್ಸೆಯಾಯಿತು, ಕೆಲವು ವಾರ ಕೆಲಸಕ್ಕೆ ಹೋಗಲಾಗಲಿಲ್ಲ. ಅದೇ ರಾತ್ರಿ ವಿಮಾ ಕಂಪನಿಗೆ ತಿಳಿಸಿದೆ. ಮರುದಿನವೇ ಕ್ಲೇಮ್ ಸಂಖ್ಯೆಯೂ ಫಾರಂಗಳೂ ಬಂದವು, ಅಲ್ಲಿಯವರೆಗೆ ಸೇವೆ ಮೆಚ್ಚುವಂತೆಯೇ ಇತ್ತು. ಅನಂತರ ಬಂದ ಪತ್ರ ಒಂದೇ ಪ್ರಶ್ನೆಯನ್ನು ಎತ್ತಿತು: ಮಾರ್ಷಲ್ ಮೂರನೇ ವ್ಯಕ್ತಿ ಹೌದೇ? ನನ್ನ ಪಾಲಿಸಿಯ ವ್ಯಾಖ್ಯಾನದಲ್ಲಿ ಸ್ಪರ್ಧೆಯಲ್ಲಿ ಯಾವುದೇ ಅಧಿಕೃತ ಪಾತ್ರ ವಹಿಸುವವರು ಭಾಗವಹಿಸುವವರ ಗುಂಪಿಗೆ ಸೇರಿದ್ದರು, ಮತ್ತು ಭಾಗವಹಿಸುವವರು ಪರಸ್ಪರ ಮಾಡುವ ಹಾನಿ ಪಾಲಿಸಿಯಿಂದ ಹೊರಗಿತ್ತು. ಪ್ರೇಕ್ಷಕನ ಮೊಣಕಾಲಿಗೆ ಬಡಿದಿದ್ದರೆ ಪರಿಹಾರ, ಮಾರ್ಷಲ್‌ನ ಮೊಣಕಾಲಿಗೆ ಬಡಿದರೆ ಇಲ್ಲ! ಹನ್ನೊಂದು ವಾರಗಳ ಪತ್ರವ್ಯವಹಾರದ ಬಳಿಕ ಸಂಘಟಕರ ಪಾಲಿಸಿಯಿಂದ ಆ ಮಾರ್ಷಲ್‌ಗೆ ಹಣ ಸಿಕ್ಕಿತು. ನನ್ನ ಪಾಲಿಸಿ ನನ್ನ ವಕೀಲರ ಶುಲ್ಕವನ್ನಷ್ಟೇ ಕೊಟ್ಟಿತು. ಅಷ್ಟು ವಾರ ಆ ಮನುಷ್ಯ ತನ್ನ ಕೈಯಿಂದ ಖರ್ಚು ಮಾಡಿಕೊಂಡು ಕಾಯಬೇಕಾಯಿತು ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಸಂಘಟಕರ ವಿಮೆ ಇದ್ದೇ ಇದೆಯಲ್ಲ, ಮತ್ತೆ ನನಗೇಕೆ ಎನ್ನುವವರಿಗೂ ಈ ಅನುಭವದಲ್ಲೇ ಉತ್ತರವಿದೆ. ಆ ಪಾಲಿಸಿಯಲ್ಲಿ ವಿಮೆ ಪಡೆದವರ ಸಾಲಿನಲ್ಲಿ ಸ್ಪರ್ಧಿಗಳ ಹೆಸರೂ ಸೇರಿರದಿದ್ದರೆ, ಅದು ಕಾಪಾಡುವುದು ಸಂಘಟಕರನ್ನೇ ಹೊರತು ನಿಮ್ಮನ್ನಲ್ಲ. ಪರಿಹಾರ ಕೊಟ್ಟ ಮೇಲೆ ಆ ವಿಮಾ ಕಂಪನಿ ಸಂಘಟಕರ ಸ್ಥಾನದಲ್ಲಿ ನಿಂತು, ತಪ್ಪು ಮಾಡಿದ ಸ್ಪರ್ಧಿಯಿಂದ ಹಣ ವಸೂಲಿಗೆ ಹೊರಡಬಹುದು. ಈ ಹಕ್ಕನ್ನು ಬಿಟ್ಟುಕೊಟ್ಟಿರುವುದಾಗಿ ಪಾಲಿಸಿಯಲ್ಲಿ ಬರೆದಿದ್ದರೆ ಮಾತ್ರ ನಿಶ್ಚಿಂತೆ. ನೋಂದಣಿ ವೇಳೆ ನಾವೆಲ್ಲ ಸಹಿ ಹಾಕುವ ಹಕ್ಕುತ್ಯಾಗದ ಪತ್ರವೂ ಇಲ್ಲಿ ನೆರವಿಗೆ ಬರುವುದಿಲ್ಲ. ಸಹಿ ಹಾಕಿದವನು ತನ್ನ ಹಕ್ಕನ್ನು ಬಿಡಬಹುದು, ಸಹಿಯನ್ನೇ ಹಾಕದ ಪ್ರೇಕ್ಷಕನ ಹಕ್ಕನ್ನೋ ಜಮೀನಿನ ಮಾಲೀಕನ ಹಕ್ಕನ್ನೋ ಬಿಡಲಾಗದು.

ನಾನು ನೋಡಿದ ಪಾಲಿಸಿಯಲ್ಲಿ ಅತಿ ದೊಡ್ಡ ಕೊರತೆ ಕಂಡದ್ದು ವಿಂಚಿನ, ಅಂದರೆ ವಾಹನಕ್ಕೆ ಜೋಡಿಸಿದ ತಂತಿ ಸುತ್ತಿ ಎಳೆಯುವ ಯಂತ್ರದ, ವಿಷಯದಲ್ಲಿ. ಹೂತ ವಾಹನವನ್ನು ಎಳೆದು ತೆಗೆಯುವ ಹೊತ್ತು ಆಫ್-ರೋಡ್ ಕ್ರೀಡೆಯಲ್ಲಿ ಅತ್ಯಂತ ಅಪಾಯದ್ದು: ಬಿಗಿದ ಉಕ್ಕಿನ ತಂತಿ ಹರಿದರೆ ಚಾಟಿಯಂತೆ ಬೀಸುತ್ತದೆ, ದುರ್ಬಲ ಕೊಂಡಿ ಕಿತ್ತು ಬಂದರೆ ಗುಂಡಿನಂತೆ ಹಾರುತ್ತದೆ, ಮತ್ತು ಸುತ್ತ ನಿಂತವರಲ್ಲಿ ನೆರವಿಗೆ ಬಂದವರೇ ಹೆಚ್ಚು. ಈ ಪಾಲಿಸಿ ಹಾನಿಯನ್ನು ವಾಹನದ ಚಲನೆಗೆ ಕಟ್ಟಿಹಾಕಿದೆ. ವಿಂಚ್ ಮಾಡುವಾಗ ವಾಹನ ಒಂದೆಡೆ ನಿಂತಿರುತ್ತದೆ, ಎಂಜಿನ್ ಮಾತ್ರ ಓಡುತ್ತಿರುತ್ತದೆ. ಇದು ವಾಹನದ ಬಳಕೆಯೇ, ಯಂತ್ರದ ಬಳಕೆಯೇ? ಪೋರ್ಚುಗಲ್‌ನಲ್ಲಿ ನಿಂತಲ್ಲೇ ಎಂಜಿನ್ ಓಡಿಸಿ ಕಳೆನಾಶಕ ಸಿಂಪಡಿಸುವ ಪಂಪನ್ನು ನಡೆಸುತ್ತಿದ್ದ ಟ್ರ್ಯಾಕ್ಟರ್ ಮಣ್ಣು ಕುಸಿದು ಉರುಳಿ, ಕೆಳಗಿನ ದ್ರಾಕ್ಷಿ ತೋಟದಲ್ಲಿದ್ದ ಕೆಲಸಗಾರ್ತಿಯೊಬ್ಬರು ಸತ್ತ ಪ್ರಕರಣದಲ್ಲಿ, ಆ ಹೊತ್ತಿಗೆ ಅದು ಸಾಗಿಸುವ ವಾಹನವಾಗಿರಲಿಲ್ಲ, ಕೆಲಸದ ಯಂತ್ರವಾಗಿತ್ತು, ಹಾಗಾಗಿ ಕಡ್ಡಾಯ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2017ರ ನವೆಂಬರ್‌ನಲ್ಲಿ ಯುರೋಪಿಯನ್ ನ್ಯಾಯಾಲಯ ಹೇಳಿದೆ. ವಿಂಚಿಗೂ ಯಾರಾದರೂ ಇದೇ ತರ್ಕ ಹೂಡಿದರೆ ಅಚ್ಚರಿಯಿಲ್ಲ. ಆದ್ದರಿಂದ ವಿಂಚ್ ಹಾಗೂ ಹಗ್ಗದಿಂದ ಎಳೆಯುವ ಕೆಲಸವೂ ಸೇರಿದೆ ಎಂಬ ವಾಕ್ಯ ಅಕ್ಷರಶಃ ಇರುವ ಪಾಲಿಸಿಯನ್ನೇ ಕೇಳಿ ಪಡೆಯಬೇಕು. ನಾನು ಬರೆದು ಕೇಳಿದಾಗ ಕಂಪನಿ ತಕರಾರಿಲ್ಲದೆ ಆ ಸಾಲನ್ನು ಸೇರಿಸಿಕೊಟ್ಟಿತು, ಕೇಳದಿದ್ದರೆ ಬರುತ್ತಿರಲಿಲ್ಲ.

ಮಿತಿಯ ಮೊತ್ತವನ್ನು ಓದುವಾಗಲೂ ಅಂಕಿಗಿಂತ ಅದರ ಪಕ್ಕದ ಪದ ಮುಖ್ಯ. ಒಂದು ಘಟನೆಗೆ ಇಷ್ಟು ಎನ್ನುವುದು ಬೇರೆ, ಇಡೀ ಸ್ಪರ್ಧೆಗೆ ಒಟ್ಟು ಇಷ್ಟು ಎನ್ನುವುದು ಬೇರೆ. ಎರಡನೆಯದರಲ್ಲಿ ಬೆಳಿಗ್ಗೆ ಒಬ್ಬರ ಅಪಘಾತ ಹೀರಿಕೊಂಡ ಮೊತ್ತ ಸಂಜೆ ಇನ್ನೊಬ್ಬರಿಗೆ ಉಳಿದಿರುವುದಿಲ್ಲ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ 2010ರ ಆಗಸ್ಟ್ 14ರಂದು ನಡೆದ ಆಫ್-ರೋಡ್ ರೇಸ್‌ನಲ್ಲಿ, ಏರೊಂದನ್ನು ಜಿಗಿದ ಟ್ರಕ್ ಹಿಡಿತ ತಪ್ಪಿ ದಾರಿಯ ಅಂಚಿನಲ್ಲೇ ನಿಂತಿದ್ದ ಜನರ ಮೇಲೆ ಉರುಳಿತು. ಎಂಟು ಮಂದಿ ಪ್ರೇಕ್ಷಕರು ಸತ್ತರು, ಇನ್ನೂ ಹಲವರು ಗಾಯಗೊಂಡರು. ಅಲ್ಲಿ ಬೇಲಿಯೂ ಇರಲಿಲ್ಲ, ಜನರಿಗೂ ಟ್ರಕ್‌ಗೂ ನಡುವೆ ಅಂತರವೂ ಇರಲಿಲ್ಲ. ಒಂದೇ ಕ್ಷಣದಲ್ಲಿ ಎಂಟು ಕುಟುಂಬಗಳು! ಆ ದಿನವನ್ನು ನೆನೆದು ನೋಡಿದಾಗ, ನಾನು ಮೊದಲ ಸೀಸನ್‌ನಲ್ಲಿ ಕೊಂಡಿದ್ದ ಕನಿಷ್ಠ ಮಿತಿಯ ಪಾಲಿಸಿ ಏನಕ್ಕೂ ಸಾಲದು ಎಂದು ಅರಿವಾಯಿತು.

ಹೊತ್ತಿನ ವಿಷಯ ಚಿಕ್ಕದು. ಈ ಪಾಲಿಸಿ ಹಸಿರು ಬಾವುಟದಿಂದ ಮುಕ್ತಾಯದ ಗೆರೆಯವರೆಗೆ ಮಾತ್ರ ಜೀವಂತ. ಹಿಂದಿನ ದಿನದ ರೆಕಿ (ಸ್ಪರ್ಧೆಯ ದಾರಿಯನ್ನು ಮೊದಲೇ ನೋಡಿಕೊಳ್ಳುವ ಓಡಾಟ), ವಾಹನಗಳನ್ನು ದುರಸ್ತಿ ಮಾಡುವ ಸರ್ವಿಸ್ ಪಾರ್ಕಿನಲ್ಲಿ ವಾಹನ ತಿರುಗಿಸುವುದು, ಒಂದು ಹಂತದಿಂದ ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಸಾಗುವುದು ಇವೆಲ್ಲ ಹೊರಗೆ. ರಸ್ತೆಯ ಭಾಗಕ್ಕೆ ರಸ್ತೆ ವಿಮೆ ಇರಲೇಬೇಕು, ಅದೂ ಸ್ಪರ್ಧೆಯ ನಡುವಿನ ಪ್ರಯಾಣವನ್ನು ಒಪ್ಪಿಕೊಂಡಿರುವುದಾಗಿ ಲಿಖಿತವಾಗಿರಬೇಕು.

ಬಳಕೆಯ ಸುಲಭತೆ, ಬೇಗನೆ ಸಿಗುವ ಪ್ರಮಾಣಪತ್ರ, ಫೋನಿನಲ್ಲಿ ತಾಳ್ಮೆಯಿಂದ ಉತ್ತರಿಸುವ ಸಿಬ್ಬಂದಿ ಇವುಗಳಿಗೆ ಪೂರ್ಣ ಅಂಕ ಕೊಡುತ್ತೇನೆ. ಮಾರ್ಷಲ್‌ಗಳನ್ನು ಹೊರಗಿಟ್ಟ ವ್ಯಾಖ್ಯಾನಕ್ಕೆ ಒಂದೂ ಕೊಡಲಾರೆ. ಒಟ್ಟಿನಲ್ಲಿ ಐದಕ್ಕೆ ಮೂರು. ವರ್ಷಕ್ಕೊಮ್ಮೆ ಸ್ಪರ್ಧಿಸುವವರಿಗೆ, ಮೇಲೆ ಹೇಳಿದ ಸಾಲುಗಳನ್ನು ಸೇರಿಸಿಕೊಂಡರೆ, ಇದೇ ಸಾಕು. ಸೀಸನ್ ಪೂರ್ತಿ ಓಡಿಸುವವರಿಗೆ ವಾರ್ಷಿಕ ಪಾಲಿಸಿ ಮೇಲು, ಏಕೆಂದರೆ ಅಭ್ಯಾಸದ ದಿನಗಳೂ ರೆಕಿಯೂ ಅದರಲ್ಲಿ ಸೇರಿಸಲು ಸಾಧ್ಯವಾಗುತ್ತದೆ. ಬರುವ ಸೀಸನ್‌ಗೆ ನಾನು ಅದನ್ನೇ ತೆಗೆದುಕೊಂಡಿದ್ದೇನೆ. ಸಹಿ ಹಾಕುವ ಮುನ್ನ ಕರಡನ್ನು ಆ ಮಾರ್ಷಲ್‌ಗೂ ಕಳಿಸಿದ್ದೆ. ಸ್ವಯಂಸೇವಕರನ್ನು ಮೂರನೇ ವ್ಯಕ್ತಿಗಳೆಂದು ಹೆಸರಿಸಿದ ನಾಲ್ಕನೇ ಪುಟದ ಸಾಲನ್ನು ಅವರು ಓದಿ, ಆ ಪುಟದ ಪ್ರತಿಯನ್ನು ತಮ್ಮ ಜೊತೆಗಾರರಿಗೆಲ್ಲ ಹಂಚಲು ಇಟ್ಟುಕೊಂಡಿದ್ದಾರೆ.