ಕರೆಂಟ್ ಬಂದ ಮೇಲೆ ಬಿಲ್ಲಿಂಗ್ ಸರ್ವರ್ ತಾನೇ ಏಳಬೇಕು: ಕ್ರಾನ್, ಪಿಎಂ2, ಸಿಸ್ಟಮ್‌ಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಸ್ಟಮ್‌ಡಿಗೆ, ಅಂದರೆ ಲಿನಕ್ಸ್ ಬೂಟ್ ಆಗುವಾಗ ಪ್ರೋಗ್ರಾಂಗಳನ್ನು ಎಬ್ಬಿಸಿ ನೋಡಿಕೊಳ್ಳುವ ವ್ಯವಸ್ಥೆಗೆ.

ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮ ಚಿಕ್ಕಪ್ಪನ ಕಿರಾಣಿ ಹೋಲ್‌ಸೇಲ್ ಅಂಗಡಿ ಇದೆ. ಅಲ್ಲಿನ ಹಳೇ ಡೆಸ್ಕ್‌ಟಾಪ್‌ಗೆ ಉಬುಂಟು ಲಿನಕ್ಸ್ ಹಾಕಿ, ನೋಡ್‌ನಲ್ಲಿ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಬರೆದ ಬಿಲ್ಲಿಂಗ್ ಆ್ಯಪ್ ಕೂರಿಸಿದ್ದೇನೆ. ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ. ಕರೆಂಟ್ ಹೋಗಿ ಬಂದರೆ ಮಷೀನ್ ತಾನಾಗಿ ಆನ್ ಆಗುವಂತೆ ಬಯೋಸ್‌ನಲ್ಲಿ ಸೆಟ್ ಮಾಡಿದ್ದೆ. ಮಷೀನ್ ಎದ್ದರೆ ಸಾಲದು, ಆ್ಯಪ್ ಕೂಡ ಏಳಬೇಕಲ್ವಾ?

ಮೊದಲು ಕ್ರಾನ್, ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಲಿನಕ್ಸ್ ಸೌಲಭ್ಯ. ಅದರ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ ಅಟ್-ರೀಬೂಟ್ (ಮಷೀನ್ ಎದ್ದಾಗ ಓಡಿಸು) ಅಂತ ಒಂದೇ ಸಾಲು. ಮರುದಿನ ಬೆಳಿಗ್ಗೆಯೇ ಚಿಕ್ಕಪ್ಪನ ಫೋನ್: "ಬಿಲ್ ಪೇಜೇ ಬರ್ತಿಲ್ಲಪ್ಪ, ಗಿರಾಕಿ ನಿಂತಾರೆ ನೋಡು."

ನಾನಿರುವುದು ಚಿತ್ರದುರ್ಗದಲ್ಲಿ. ಬಸ್ ಹಿಡಿದು ಹೋಗಿ ಅದೇ ಕಮಾಂಡ್ ಕೈಯಿಂದ ಕೊಟ್ಟೆ, ಓಡಿತು. ರೀಬೂಟ್ ಮಾಡಿದೆ, ಇಲ್ಲ. ಎರರ್ ನೋಡೋಣವೆಂದರೆ ಎಲ್ಲೂ ಇಲ್ಲ. ಕ್ರಾನ್ ಅದನ್ನು ಮೇಲ್ ಮಾಡುತ್ತದೆ. ಆ ಮಷೀನ್‌ನಲ್ಲಿ ಮೇಲ್ ಕಳಿಸುವ ಪ್ರೋಗ್ರಾಂ ಇರಲಿಲ್ಲ, ಹಾಗಾಗಿ ಎರರ್ ಕಸದಬುಟ್ಟಿಗೆ. ಔಟ್‌ಪುಟ್ ಒಂದು ಫೈಲಿಗೆ ಹೋಗುವಂತೆ ಮಾಡಿದ ಮೇಲೆ ಗೊತ್ತಾಯಿತು: ನೋಡ್ ಸಿಗುತ್ತಿಲ್ಲ. ನಾನು ನೋಡ್ ಹಾಕಿದ್ದು ಎನ್‌ವಿಎಂ ಎಂಬ, ನೋಡ್ ವರ್ಷನ್‌ಗಳನ್ನು ನಿರ್ವಹಿಸುವ ಟೂಲ್ ಮೂಲಕ. ಅದು ಹೋಮ್ ಫೋಲ್ಡರ್ ಒಳಗಿರುತ್ತದೆ. ಟರ್ಮಿನಲ್ ತೆರೆದಾಗ ಬ್ಯಾಶ್‌ಆರ್‌ಸಿ ಎಂಬ ಸೆಟ್ಟಿಂಗ್ ಫೈಲ್ ಓದಿ ಆ ಜಾಗ ಪಾತ್‌ಗೆ (ಕಮಾಂಡ್ ಹುಡುಕುವ ಜಾಗಗಳ ಪಟ್ಟಿಗೆ) ಸೇರುತ್ತದೆ. ಕ್ರಾನ್ ಆ ಫೈಲ್ ಓದುವುದೇ ಇಲ್ಲ.

ಪೂರ್ತಿ ಪಾತ್ ಬರೆದೆ. ಈಗ ಇನ್ನೊಂದು ಕಾಟ. ಪೋಸ್ಟ್‌ಗ್ರೆಸ್ ಏಳುವ ಮೊದಲೇ ಆ್ಯಪ್ ಎದ್ದು, ಕನೆಕ್ಷನ್ ಸಿಗದೆ ನಿಂತುಹೋಯಿತು. ಕ್ರಾನ್ ಒಮ್ಮೆ ಓಡಿಸುತ್ತದೆ ಅಷ್ಟೇ, ಬಿದ್ದದ್ದನ್ನು ಎಬ್ಬಿಸುವುದಿಲ್ಲ. 60 ಸೆಕೆಂಡ್ ಸ್ಲೀಪ್ ಹಾಕಿದೆ. ಹಳೇ ಹಾರ್ಡ್‌ಡಿಸ್ಕ್, ದಿಢೀರ್ ಕರೆಂಟ್ ಹೋದ ಮೇಲೆ ಪೋಸ್ಟ್‌ಗ್ರೆಸ್ ರಿಕವರಿ ಮಾಡಿಕೊಳ್ಳಲು ಒಮ್ಮೊಮ್ಮೆ ಅದೂ ಸಾಲಲಿಲ್ಲ. ಅಲ್ಲಿಗೆ ಕ್ರಾನ್ ಬಿಟ್ಟೆ.

ಬೂಟ್ ಆಗುವಾಗ ಓಡುವ ಆರ್‌ಸಿ ಡಾಟ್ ಲೋಕಲ್ ಎಂಬ ಸ್ಕ್ರಿಪ್ಟ್ ಹಳೇ ದಾರಿ, ಈಗಿನ ಉಬುಂಟುವಿನಲ್ಲಿ ಆ ಫೈಲನ್ನು ನಾವೇ ಮಾಡಿಕೊಳ್ಳಬೇಕು.

ನೋಡ್ ಆ್ಯಪ್‌ಗಳನ್ನು ನೋಡಿಕೊಳ್ಳುವ ಟೂಲ್ ಪಿಎಂ2 ಚೆನ್ನಾಗಿದೆ. ಆ್ಯಪ್ ಬಿದ್ದರೆ ಎಬ್ಬಿಸುತ್ತದೆ, ಲಾಗ್ ಇಡುತ್ತದೆ. ಸ್ಟಾರ್ಟಪ್ ಕಮಾಂಡ್ ಆದ ಮೇಲೆ ಸೇವ್ ಕೊಡುವುದು ಮರೆತರೆ ಮಾತ್ರ ರೀಬೂಟ್ ನಂತರ ಪಟ್ಟಿ ಖಾಲಿ. ನೋಡ್ ವರ್ಷನ್ ಬದಲಿಸಿದರೆ ಸ್ಟಾರ್ಟಪ್ ಮತ್ತೆ ಮಾಡಬೇಕು. ಅದಕ್ಕಿಂತ ಹೆಚ್ಚಾಗಿ, ಲಿನಕ್ಸ್‌ನಲ್ಲಿ ಅದು ಬರೆದಿಡುವುದೇ ಒಂದು ಸಿಸ್ಟಮ್‌ಡಿ ಫೈಲ್. ಹಾಗಿದ್ದ ಮೇಲೆ ಒಂದೇ ಆ್ಯಪ್‌ಗೆ ನಡುವೆ ಇನ್ನೊಬ್ಬರು ಯಾಕೆ?

ಸಿಸ್ಟಮ್‌ಡಿಗೆ ಹತ್ತು ಹನ್ನೆರಡು ಸಾಲಿನ ಫೈಲ್ ಸಾಕು. ನೋಡ್‌ನ ಪೂರ್ತಿ ಪಾತ್ ಇಲ್ಲೂ ಬರೆಯಬೇಕು. ಆಫ್ಟರ್ ಸಾಲಿನಲ್ಲಿ ಪೋಸ್ಟ್‌ಗ್ರೆಸ್ ಹೆಸರು (ಅದಾದ ಮೇಲೆ ಏಳು ಅಂತ), ರೀಸ್ಟಾರ್ಟ್ ಆನ್-ಫೇಲ್ಯೂರ್ (ಬಿದ್ದರೆ ಎಬ್ಬಿಸು), ರೀಸ್ಟಾರ್ಟ್‌ಸೆಕ್ 5 (ಎಬ್ಬಿಸುವ ಮೊದಲು 5 ಸೆಕೆಂಡ್ ಕಾಯಿ). ಈ ಕೊನೆಯದನ್ನು ಬಿಡಬೇಡಿ. ಬಿಟ್ಟರೆ 100 ಮಿಲಿಸೆಕೆಂಡಿಗೊಮ್ಮೆ ಪ್ರಯತ್ನಿಸುತ್ತದೆ. 10 ಸೆಕೆಂಡಿನೊಳಗೆ 5 ಸಲ ಆದರೆ ಕೈಬಿಡುತ್ತದೆ. ಎನೇಬಲ್ ಕೊಡಲು ಮರೆಯಬೇಡಿ, ಬರೀ ಸ್ಟಾರ್ಟ್ ಕೊಟ್ಟರೆ ಮುಂದಿನ ಬೂಟ್‌ಗೆ ಏಳುವುದಿಲ್ಲ.

ನೀವು ಮಷೀನ್ ಪಕ್ಕದಲ್ಲೇ ಕೂತು ನಾಲ್ಕೈದು ನೋಡ್ ಆ್ಯಪ್ ನಡೆಸುವವರಾದರೆ ಪಿಎಂ2 ಹಾಕಿಕೊಳ್ಳಿ. ನನಗೆ ಪದೇ ಪದೇ ಬಸ್ ಹತ್ತಲು ಆಗುವುದಿಲ್ಲ, ಹೊಸ ಯುಪಿಎಸ್‌ಗೆ ಈ ವರ್ಷ ದುಡ್ಡೂ ಇಲ್ಲ. ಅಂಗಡಿ ಹುಡುಗನಿಗೆ ಸ್ಟೇಟಸ್ ನೋಡುವ ಒಂದು ಕಮಾಂಡ್ ಬರೆದುಕೊಟ್ಟಿದ್ದೇನೆ. ಕರೆಂಟ್ ಬಂದ ಮೇಲೆ ಅವನು ಫೋನಿನಲ್ಲಿ ಓದಿ ಹೇಳುತ್ತಾನೆ: "ಹಸಿರು ಅಕ್ಷರದಾಗೆ ಆ್ಯಕ್ಟಿವ್ ಅಂತ ಬಂದೈತಣ್ಣ."