ಮಡಚುವ ಪಿಯಾನೋನಾ, 61 ಕೀ ಕೀಬೋರ್ಡಾ?

ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಕ್ಲಾಸಿಗೆ ಹೋಗುವವರಿಗೆ ಮಡಚುವ ಪಿಯಾನೋ ಕಂಡರೆ ಆಸೆಯಾಗುತ್ತದೆ, ಅಲ್ವಾ? 88 ಕೀ ಇದ್ದರೂ ಮಡಚಿದರೆ ಅರ್ಧ ಉದ್ದ, ಹೆಗಲ ಬ್ಯಾಗಿಗೆ ಸರಿ. ಸಾಮಾನ್ಯವಾಗಿ ಚಾರ್ಜ್ ಮಾಡುವ ಬ್ಯಾಟರಿ ಒಳಗೇ ಇರುತ್ತದೆ. ಕರೆಂಟ್ ಹೋದರೂ ಅಭ್ಯಾಸ ನಿಲ್ಲುವುದಿಲ್ಲ.

ಆದರೆ ಬೆರಳಿಟ್ಟು ನೋಡಿ. ಅಗ್ಗದವುಗಳಲ್ಲಿ ಕೀ ತೀರಾ ಹಗುರ. ಸ್ಪೀಕರ್ ಸಣ್ಣದು, ಮಂದ್ರದ ಸ್ವರ ತಗಡಿನ ಡಬ್ಬ ಬಡಿದ ಹಾಗೆ. ನಾನು ಕೊಂಡದ್ದರಲ್ಲಿ ಮಡಿಕೆಯ ಪಕ್ಕದ ಒಂದು ಕೀ ಆರು ತಿಂಗಳಿಗೇ ಮೂಕವಾಯಿತು.

ಕ್ಯಾಸಿಯೋ ಸಿಟಿ-ಎಸ್300, ಯಮಹಾ ಪಿಎಸ್‌ಆರ್-ಇ373 ಮಡಚುವುದಿಲ್ಲ, 61 ಕೀ ಅಷ್ಟೇ. ಆದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುತ್ತವೆ. ನೋಡಲು ಹಾಗೇ ಇರುವ ಸಿಟಿ-ಎಸ್200ರಲ್ಲಿ ಇದಿಲ್ಲ, ಹುಷಾರು!

ಸುರುಳಿ ಸುತ್ತುವ ಸಿಲಿಕಾನ್ ಪಿಯಾನೋ? ಮಕ್ಕಳ ಆಟಕ್ಕೆ ಸರಿ, ಕಲಿಯಲು ಸುಮ್ನೆ ದುಡ್ಡು ದಂಡ.

ಮನೆಯಲ್ಲೇ ಕಲಿಯುವುದಾದರೆ ನನ್ನ ಓಟು 61 ಕೀಗೆ. ದಿನಾ ಹೊತ್ತು ತಿರುಗುವುದಾದರೆ ಮಾತ್ರ ಮಡಚುವುದು. ಆಗಲೂ ಅಂಗಡಿಯಲ್ಲೇ ನಾಲ್ಕು ಸಲ ಮಡಚಿ ಬಿಚ್ಚಿ, ಮಡಿಕೆಯ ಎರಡೂ ಬದಿಯ ಕೀ ಒತ್ತಿ ಕೇಳಿ.