ಮಕ್ಕಳ ಮಣೆ-ಲಟ್ಟಣಿಗೆ: ಮರದ್ದು ಕೊಳ್ಳಿ, ಬಣ್ಣದ ಹಿಟ್ಟಿನ ಪೆಟ್ಟಿಗೆ ಬಿಡಿ

ಬೆಳಗಾವಿಯ ಗಣಪತಿ ಗಲ್ಲಿ, ಖಡೇ ಬಜಾರ್ ಕಡೆ ತಿರುಗಾಡಿದರೆ ಮಕ್ಕಳ ಮಣೆ-ಲಟ್ಟಣಿಗೆ ಎರಡು ಬಗೆಯಲ್ಲಿ ಕಣ್ಣಿಗೆ ಬೀಳುತ್ತದೆ. ಒಂದು ಬರೀ ಮರದ ಜೋಡಿ. ಇನ್ನೊಂದು ಪ್ಲಾಸ್ಟಿಕ್ ಮಣೆ, ಆರೇಳು ಅಚ್ಚು, ನಾಲ್ಕು ಬಣ್ಣದ ಹಿಟ್ಟಿನ ಡಬ್ಬಿ ಎಲ್ಲ ಸೇರಿಸಿದ ಪೆಟ್ಟಿಗೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುವವರಿದ್ದರೆ ಮರದ್ದನ್ನು ಅಲ್ಲೇ, ಬಾಗಿಲು-ಚೌಕಟ್ಟು ಮಾರುವ ಸಾಲಿನ ಆಚೀಚೆ ಹುಡುಕಬಹುದು. ಮರದ ಜೋಡಿಗೆ 5ಕ್ಕೆ 4 ಅಂಕ. ಪೆಟ್ಟಿಗೆಗೆ ಒಂದೂವರೆ, ಅದೂ ಡಬ್ಬಿ ಗಟ್ಟಿ ಇವೆ, ಆಮೇಲೆ ಜೀರಿಗೆ-ಸಾಸಿವೆ ಹಾಕಿಡಲು ಬರುತ್ತವೆ ಅಂತ.

ಮೊದಲು ಮರದ್ದು. ಮೂರರಿಂದ ಏಳು ವರ್ಷದ ಕೈಗೆ ಮಣೆ 6 ಇಂಚು ಅಗಲ, ಲಟ್ಟಣಿಗೆ 7–8 ಇಂಚು ಉದ್ದ ಇರಬೇಕು. ಮೂರಿಂಚಿನವು ಗೊಂಬೆ ಆಟಕ್ಕಷ್ಟೇ. ಅದರಲ್ಲಿ ಲಟ್ಟಿಸಿದರೆ ಬೆರಳಿನ ಗೆಣ್ಣು ಮಣೆಗೆ ಬಡಿಯುತ್ತದೆ. ಲಟ್ಟಣಿಗೆಯನ್ನು ಅಂಗಡಿಯ ಗಾಜಿನ ಮೇಜಿನ ಮೇಲೆ ಒಮ್ಮೆ ಉರುಳಿಸಿ. ಟಕ್ ಟಕ್ ಅಂತ ಕುಣಿದರೆ ಸೊಟ್ಟ ಇದೆ, ವಾಪಸ್ ಇಡಿ. ಸೊಟ್ಟ ಲಟ್ಟಣಿಗೆಯಲ್ಲಿ ಚಪಾತಿ ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪ ಆಗುತ್ತದೆ, ಮಗು ತನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತದೆ. ಮಣೆ ಮೂರು ಕಾಲಿನದಾದರೆ ಎಂಥ ನೆಲದ ಮೇಲೂ ಅಲುಗುವುದಿಲ್ಲ. ಆದರೆ ಕಾಲುಗಳು ನಡುವಿಗೆ ಸರಿದಿದ್ದರೆ ಅಂಚಿಗೆ ಭಾರ ಬಿದ್ದಾಗ ಮಗುಚುತ್ತದೆ; ಮಕ್ಕಳು ಒತ್ತುವುದೇ ಅಂಚಿಗೆ. ಕಾಲು ಅಂಚಿನ ಹತ್ತಿರ ಇರುವುದನ್ನೇ ಆರಿಸಿ.

ಬಣ್ಣ, ವಾರ್ನಿಶ್ ಬಳಿದದ್ದು ಬೇಡ. ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿದಾಗ ಬಣ್ಣ ಬಿಟ್ಟರೆ ಅದು ಹಿಟ್ಟಿಗೂ, ಅಲ್ಲಿಂದ ಬಾಯಿಗೂ ಹೋಗುತ್ತದೆ. ಕಾರ್ಖಾನೆಯ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಪೆಟ್ಟಿಗೆಯ ಮೇಲೆ ಅದು ಇದೆಯೋ ಇಲ್ಲವೋ ನೋಡಿಯೇ ದುಡ್ಡು ಕೊಡಿ.

ಒಂದು ಅಂಕ ಕಡಿಮೆ ಆದದ್ದು ಹಿಡಿಕೆಯಿಂದ. ತಿರುಗಣಿಯಿಂದ ಇಳಿಸಿದ ಮೇಲೆ ತುದಿಯನ್ನು ಹಾಗೇ ಬಿಟ್ಟಿರುತ್ತಾರೆ, ಸಿಬಿರು ಏಳುತ್ತದೆ. 120 ನಂಬರಿನ ಉಜ್ಜು ಕಾಗದ, ಆಮೇಲೆ 220, ಹತ್ತು ನಿಮಿಷದ ಕೆಲಸ. ಮೇಲೆ ಅಗಸಿ ಎಣ್ಣೆ ಅಥವಾ ಕುಸುಬಿ ಎಣ್ಣೆಯನ್ನು ತೆಳ್ಳಗೆ ಸವರಿ, ಅರ್ಧ ತಾಸು ಬಿಟ್ಟು ಒರೆಸಿ, ಗಾಳಿಗೆ ಇಡಿ. ವಾರ ಬಿಟ್ಟು ಇನ್ನೊಮ್ಮೆ. ಈ ಎರಡು ಎಣ್ಣೆ ಮರದಲ್ಲಿ ಮೆಲ್ಲಗೆ ಒಣಗಿ ಕೂಡುತ್ತವೆ. ಶೇಂಗಾ ಎಣ್ಣೆ ಒಣಗುವುದಿಲ್ಲ, ತಿಂಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ.

ಇನ್ನು ಆ ಪೆಟ್ಟಿಗೆ. ಪ್ಲಾಸ್ಟಿಕ್ ಲಟ್ಟಣಿಗೆ ಒಳಗೆ ಪೊಳ್ಳು, ತೂಕವೇ ಇಲ್ಲ. ಲಟ್ಟಿಸುವುದರಲ್ಲಿ ಅರ್ಧ ಕೆಲಸ ಲಟ್ಟಣಿಗೆಯ ಭಾರದ್ದು. ಇಲ್ಲಿ ಅದೂ ಮಗುವಿನ ತೋಳಿಗೇ ಬೀಳುತ್ತದೆ. ಅಚ್ಚಿನ ಸಂದಿಯಲ್ಲಿ ಹಿಟ್ಟು ಸಿಕ್ಕಿಕೊಂಡು ಆನೆಯ ಸೊಂಡಿಲು, ಮೊಲದ ಕಿವಿ ಅಲ್ಲೇ ಉಳಿಯುತ್ತವೆ. ಡಬ್ಬಿಯ ಮುಚ್ಚಳ ಒಂದು ರಾತ್ರಿ ಸಡಿಲ ಉಳಿದರೆ ವಿಜಯಪುರದ ಏಪ್ರಿಲ್ ಬಿಸಿಲಿಗೆ ಹಿಟ್ಟು ಪುಡಿಪುಡಿ. ಅಚ್ಚಿನ ಬದಲು ಚಹಾ ಸೋಸುವ ಜಾಳಿಗೆ ಕೊಡಿ. ಅದರಲ್ಲಿ ಹಿಟ್ಟು ಒತ್ತಿದರೆ ಆ ಕಡೆ ಕೂದಲಿನಂತೆ ಹೊರಡುತ್ತದೆ. ಚಕ್ಕುಲಿ ಒತ್ತು, ಬಾಚಣಿಗೆ, ಬಾಟಲಿ ಮುಚ್ಚಳ, ಇವೇ ಸಾಕು.

ಹಿಟ್ಟು ಮನೆಯಲ್ಲೇ ಆಗುತ್ತದೆ. ಮೈದಾ 2 ಬಟ್ಟಲು, ಪುಡಿ ಉಪ್ಪು 1 ಬಟ್ಟಲು, ನೀರು 2 ಬಟ್ಟಲು, ಎಣ್ಣೆ 2 ದೊಡ್ಡ ಚಮಚ, ಲಿಂಬೆ ರಸ 2 ದೊಡ್ಡ ಚಮಚ. ತಣ್ಣೀರಿನಲ್ಲೇ ಉಪ್ಪು ಕರಗಿಸಿ, ಮೈದಾ ಗಂಟಿಲ್ಲದಂತೆ ಕಲಸಿ, ಎಣ್ಣೆ-ರಸ ಹಾಕಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗೆ ಇಟ್ಟು ಕೈ ಬಿಡದೆ ತಿರುವಿ. ಮೊದಲು ಅಂಬಲಿಯಂತೆ, ಆಮೇಲೆ ಗಂಟುಗಂಟು, ಐದಾರು ನಿಮಿಷಕ್ಕೆ ಒಮ್ಮೆಲೇ ತಳ ಬಿಟ್ಟು ಉಂಡೆಯಾಗುತ್ತದೆ. ಬೆರಳಿನಿಂದ ಮುಟ್ಟಿದರೆ ಅಂಟಬಾರದು. ಬೆಚ್ಚಗಿರುವಾಗಲೇ ನಾದಬೇಕು. ಅಂಟಿದರೆ ಬೆಂದಿಲ್ಲ, ಮತ್ತೆ ಒಲೆಗೆ. ಬಿರುಕು ಬಿಟ್ಟರೆ ಹೆಚ್ಚು ಬೆಂದಿದೆ, ಒದ್ದೆ ಕೈಯಿಂದ ನಾದಿ. ಹರಳುಪ್ಪು ಹಾಕಿದರೆ ಮರಳಿನಂತೆ ಕೈಗೆ ಚುಚ್ಚುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಮೂರು-ನಾಲ್ಕು ವಾರ ಬಾಳುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಮಾತ್ರ ಉಪ್ಪು ಗಾಳಿಯ ತೇವ ಎಳೆದುಕೊಂಡು ಹಿಟ್ಟು ಜಿಗುಟಾಗುತ್ತದೆ. ಆಗ ಒಂದು ಚಮಚ ಮೈದಾ ಹಾಕಿ ನಾದಿದರೆ ಆಯಿತು.

ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಈ ಉಪ್ಪಿನ ಹಿಟ್ಟು ಬೇಡವೇ ಬೇಡ, ಅಷ್ಟು ಉಪ್ಪು ಹೊಟ್ಟೆಗೆ ಹೋದರೆ ಅಪಾಯ. ಅಂಗಳದ ನಾಯಿಗೂ ಸಿಗಬಾರದು. ಆ ಮಗುವಿಗೆ ಚಪಾತಿ ಹಿಟ್ಟಿನ ಒಂದು ಉಂಡೆ ಸಾಕು, ಸಂಜೆಗೆ ಎಸೆದುಬಿಡಿ.

ಬಣ್ಣಕ್ಕೆ ಬೀಟ್‌ರೂಟ್ ರಸ, ಪಾಲಕ್ ರಸ, ಅರಿಶಿಣ. ಅರಿಶಿಣದ ಕೈಯನ್ನು ಸಾಬೂನಿನಿಂದ ತೊಳೆದಾಗ ಕಲೆ ಕೆಂಪಾಗುತ್ತದೆ. ರಕ್ತ ಬಂತೆಂದು ಹೆದರುವ ಮಕ್ಕಳಿದ್ದಾರೆ! ಲಿಂಬೆ ಹಿಂಡಿದರೆ ಮತ್ತೆ ಹಳದಿ. ಸಾಬೂನು ಕ್ಷಾರ, ಲಿಂಬೆ ಹುಳಿ, ಅಷ್ಟೇ. ಇದೇ ಇನ್ನೊಂದು ಆಟವಾಗುತ್ತದೆ.

ತಿನ್ನುವ ಅಡುಗೆಗೂ ಈ ಜೋಡಿ ಬರುತ್ತದೆ, ಆದರೆ ಜೋಳದ ರೊಟ್ಟಿ ಕಲಿಸಲು ಹೋಗಬೇಡಿ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಎಸರಿಟ್ಟು ಕಲಸಿದರೂ ಸಣ್ಣ ಕೈಯ ಲಟ್ಟಣಿಗೆ ಕೆಳಗೆ ಅಂಚು ಸೀಳುತ್ತದೆ. ಅದನ್ನು ಕೈಯಿಂದ ಬಡಿಯಲಿ, ಅಂಗೈಯಗಲ ಆದರೂ ರೊಟ್ಟಿಯೇ.

ಮಕ್ಕಳ ಬೆರಳಿಗೆ ಹೇಳಿ ಮಾಡಿಸಿದ್ದು ಗವಲಿ, ಅಂದರೆ ಪಾಯಸಕ್ಕೆ ಹಾಕುವ ಕೈಯಲ್ಲಿ ಹೊಸೆದ ರವೆಯ ಕಾಳು. ಬನ್ಸಿ ರವೆ 1 ಬಟ್ಟಲಿಗೆ ಹಾಲನ್ನು ಸ್ವಲ್ಪಸ್ವಲ್ಪವೇ ಹಾಕಿ ಗಟ್ಟಿ ಕಲಸಿ, ಒಂದು ತಾಸು ಒದ್ದೆ ಬಟ್ಟೆ ಮುಚ್ಚಿಟ್ಟು ಚೆನ್ನಾಗಿ ನಾದಿ. ಕಾಳುಮೆಣಸಿನಷ್ಟು ಹಿಟ್ಟು ಚಿವುಟಿ, ಹೆಬ್ಬೆರಳು-ತೋರುಬೆರಳಿನ ನಡುವೆ ಹೊಸೆದರೆ ಎರಡೂ ತುದಿ ಚೂಪಾದ ಅಕ್ಕಿಕಾಳಿನಂತೆ ಇಳಿಯುತ್ತದೆ. ದೊಡ್ಡದಾದರೆ ಒಳಗೆ ಹಸಿ ಉಳಿಯುತ್ತದೆ. ನೆರಳಲ್ಲಿ ಎರಡು ದಿನ ಒಣಗಿಸಿ, ತುಪ್ಪದಲ್ಲಿ ಹುರಿದು, ನೀರಲ್ಲಿ ಬೇಯಿಸಿ, ಆಮೇಲೆ ಹಾಲು. ಬೆಲ್ಲವನ್ನು ಒಲೆ ಆರಿಸಿ ತುಸು ಆರಿದ ಮೇಲೆಯೇ ಹಾಕಿ, ಕುದಿಯುವಾಗ ಹಾಕಿದರೆ ಹಾಲು ಒಡೆದು ಮಕ್ಕಳ ಎರಡು ದಿನದ ಕೆಲಸ ಹಾಳು. ಒಲೆಯ ಹತ್ತಿರದ್ದೆಲ್ಲ ದೊಡ್ಡವರೇ ಮಾಡಬೇಕು.

ಉಪ್ಪಿನ ಹಿಟ್ಟು ಆಡಿದ ಮಣೆಯ ಮೇಲೆ ಹಾಗೇ ಚಪಾತಿ ಲಟ್ಟಿಸಬೇಡಿ. ಮೊದಲು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ. ನೀರಲ್ಲಿ ನೆನೆಹಾಕುವುದು, ಬಿಸಿಲಿಗಿಡುವುದು ಎರಡೂ ಮರವನ್ನು ಸೀಳುತ್ತವೆ; ಗೋಡೆಗೆ ಒರಗಿಸಿ, ನಿಲ್ಲಿಸಿ ಒಣಗಿಸಿ.